ಬೋರ್ಡ್ ಓದುವ ಸೀಟು

20-11-94, ಭಾನುವಾರ, ಶಿಡ್ಲಘಟ್ಟ

ಇವತ್ತೂ ಸ್ಟಾರ್ಟ್ ಆಗಲಿಲ್ಲ. ನನ್ನ ಅಣ್ಣ ಉಸ್ಮಾನ್ ಭಾಯಿ ಬಾನೆಟ್ಟಿನೊಳಗೆ ತಲೆ ತೂರಿಸಿ, ರೋಗಿಯ ಎದೆ ಕೇಳುವ ಡಾಕ್ಟರ ಹಾಗೆ ಕಿವಿಗೊಟ್ಟು ನಿಂತಿದ್ದರು. ಮೆಕ್ಯಾನಿಕ್ ಆವಲಪ್ಪ ಪ್ಲಗ್ ಒರೆಸುತ್ತಾ ಅಂದ, "ಸಾಬ್ರೆ, ಇದನ್ನ ಕೋಳಿಗಳಿಗೇ ವಾಪಸ್ ಕೊಟ್ಬಿಡಣ."

ಚಿಕ್ಕಬಳ್ಳಾಪುರದ ಹಳೆ ಬಂಗಲೆಯೊಂದರ ಶೆಡ್ಡಿನಲ್ಲಿ ಸಿಕ್ಕಾಗ ಇದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ವಿಲಾಯಿತಿ ಸ್ಪೋರ್ಟ್ಸ್ ಕಾರು. ಕೆಂಪು. ಎರಡೇ ಸೀಟು. ತಲೆಯ ಮೇಲೆ ಬೇಕಾದರೆ ಕ್ಯಾನ್ವಾಸ್, ಬೇಡವಾದರೆ ಆಕಾಶ. ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗು. ಎಷ್ಟೋ ವರ್ಷಗಳಿಂದ ಭಾಯಿ ಇದಕ್ಕೆ ಜೀವ ತುಂಬುತ್ತಿದ್ದಾರೆ. ನಮ್ಮ ರೀಲಿಂಗ್ ಶೆಡ್ಡಿನಲ್ಲಿ, ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಜಾಗದ ಪಕ್ಕದಲ್ಲೇ ಇದರ ವಾಸ. ಬೆಂದ ಗೂಡಿನ ವಾಸನೆ ಸೀಟಿಗೂ ಹತ್ತಿಬಿಟ್ಟಿದೆ.

ಇಷ್ಟು ಬರೆಯುವಷ್ಟರಲ್ಲಿ ಅಂಗಳದಲ್ಲಿ ಗುರ್ರ್ ಅನ್ನುತ್ತಿದೆ! ಹೋಗಿ ನೋಡಬೇಕು.

27-11-94, ಭಾನುವಾರ

ಟ್ರಯಲ್. ಮಂಚೇನಹಳ್ಳಿ ದಾಟಿ ಗೌರಿಬಿದನೂರಿನವರೆಗೆ ಹೋಗಿ ಬಂದೆವು. ತಲೆಗೆ ಸ್ಕಾರ್ಫ್ ಬಿಗಿದು ಪಕ್ಕದ ಸೀಟಿನಲ್ಲಿ ನಾನು. ಇಡೀ ಮಂಚೇನಹಳ್ಳಿ ಬಸ್ ಸ್ಟ್ಯಾಂಡು ಎದ್ದು ನಿಂತಿತು. "ಏ, ಟಾಪ್ ಯಾರೋ ಕಿತ್ಕೊಂಡ್ ಹೋಗವ್ರೆ ನೋಡ್ರೋ!"

ಭಾಯಿ ರಸ್ತೆಯ ಮಧ್ಯದಲ್ಲೇ ಓಡಿಸುತ್ತಾರೆ. ಎದುರಿನ ಬಸ್ಸು ಉದ್ದಕ್ಕೂ ಹಾರನ್ ಹೊಡೆದುಕೊಂಡು ಮಣ್ಣಿಗಿಳಿಯಿತು. "ನಮ್ದು ಚಿಕ್ಕ ಗಾಡಿ. ದೊಡ್ಡೋರು ದಾರಿ ಬಿಡ್ಲಿ," ಅಂದರು. ಉಸ್ಮಾನ್ ಸಾಬರ ಠೀವಿ ಅಂದರೆ ಅದು.

ನಾನು ಅಭ್ಯಾಸ ಬಲದಿಂದ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದೆ. ಸೇತುವೆ. ತಿರುವು. ಶಾಲಾ ವಲಯ. ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ ಬಾಯಿ, ಸುಮ್ಮನಿರುವುದಿಲ್ಲ. ಬೇರೆ ದಿನ ಆಗಿದ್ದರೆ ಭಾಯಿ ಗದರುತ್ತಿದ್ದರು. ಇವತ್ತು ಗದರಲಿಲ್ಲ.

ಮನೆಯ ಮಾತು ಉರ್ದು. ಈ ಪುಟಗಳಲ್ಲಿ ಮಾತ್ರ ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸುತ್ತೇನೆ. ಭಾಯಿಗೂ ಅವರ ಹೆಂಡತಿ ಭಾಬಿಗೂ ಕನ್ನಡ ಓದಲು ಬರುವುದಿಲ್ಲ. ನನ್ನ ಡೈರಿಗೆ ಬೀಗ ಬೇಕಿಲ್ಲ.

2-12-94, ಶುಕ್ರವಾರ

ಚುನಾವಣೆ ಡ್ಯೂಟಿ ಮುಗಿಸಿ ನಗರಗೆರೆಯಿಂದ ಬಸ್ಸಿನಲ್ಲಿ ಬಂದೆ. ಬೆರಳೆಲ್ಲ ಅಳಿಸದ ಶಾಯಿ.

ಬನಾರಸಿನಿಂದ ಫೋನ್ ಬಂದಿತ್ತಂತೆ. ಅಬ್ಬಾ, ಅಂದರೆ ಅಪ್ಪನ ಕಾಲದಿಂದ ನಮ್ಮ ನೂಲು ಕೊಳ್ಳುತ್ತಿರುವ ಹಾಜಿ ಸಾಹೇಬರು. "ನಿಮ್ಮ ನೂಲು ಮಗ್ಗದ ಮೇಲೆ ಕಿತ್ತು ಕಿತ್ತು ಹೋಗುತ್ತಿದೆ, ಇನ್ನು ಕಳಿಸಬೇಡಿ" ಅಂದರಂತೆ.

ಭಾಯಿ ತಟ್ಟೆ ದೂಡಿ ಎದ್ದರು. "ನನ್ನ ನೂಲು! ನನ್ನ ನೂಲು ಕಿತ್ತೋಗುತ್ತಾ? ನಾನೇ ಹೋಗ್ತೀನಿ. ಅವ್ರ ಎದುರಿಗೇ ಗೂಡು ಬೇಯಿಸಿ, ನನ್ನ ಕೈಲೇ ನೂಲು ತೆಗ್ದು ತೋರಿಸ್ತೀನಿ."

"ರೈಲಿಗೆ ಟಿಕೆಟ್ ಮಾಡಿಸ್ಲಾ?" ಅಂದೆ.

"ರೈಲಲ್ಲಿ ಹೋದ್ರೆ ಬೇಡ್ಕೊಳ್ಳೋಕೆ ಬಂದವನ ತರ ಕಾಣ್ತೀನಿ. ಕಾರಲ್ಲಿ ಹೋಗ್ತೀನಿ."

ಭಾಬಿ ಹಣೆ ಚಚ್ಚಿಕೊಂಡರು. ನಾನು ಅಟ್ಲಾಸ್ ತೆಗೆದೆ. ನೋಡುತ್ತೇನೆ—ಹೆದ್ದಾರಿ ಏಳು. ಕಾಶಿಯಲ್ಲಿ ಶುರುವಾಗಿ ಕನ್ಯಾಕುಮಾರಿಗೆ ಇಳಿಯುವ ಆ ಕೆಂಪು ಗೆರೆ ನಮ್ಮ ಚಿಕ್ಕಬಳ್ಳಾಪುರದ ನಡುವೆಯೇ ಹಾದಿದೆ. ನಾನು ಬಸ್ಸಿಗೆ ಕಾಯುತ್ತಾ ನಿಲ್ಲುವ ರಸ್ತೆ! ಎಷ್ಟು ವರ್ಷ ಕೋಲಿನಿಂದ ಅದರ ಮೇಲೆ ಎಳೆದು ತೋರಿಸಿದ್ದೇನೆ. ಒಂದು ದಿನವೂ ಆ ಕಡೆ ಏನಿದೆ ಎಂದು ಹೋಗಿ ನೋಡಿದವಳಲ್ಲ. ನಮ್ಮ ನೂಲು ಅಲ್ಲಿ ಹೋಗಿ ಏನಾಗುತ್ತದೆ ಎಂದೂ ನೋಡಿಲ್ಲ.

ಹೋಗಬೇಕು. ಹೋಗಲೇಬೇಕು.

4-12-94

ಒಪ್ಪಿದರು!! ಎರಡನೇ ಸೀಟು ನನಗೆ. ಆವಲಪ್ಪ ಬರಬೇಕಿತ್ತು, ಆದರೆ ಭಾಬಿ ಹಟ ಹಿಡಿದು ನನ್ನ ಹೆಸರು ಹೇಳಿದರು. ಆಶ್ಚರ್ಯ. ನಾನು ಚಿಂತಾಮಣಿ ರಸ್ತೆಯಲ್ಲಿ ಆವಲಪ್ಪನ ಅಂಬಾಸಡರ್ ಓಡಿಸಿ ಕಲಿತಾಗ, ಕೋಲಾರಕ್ಕೆ ಹೋಗಿ ಲೈಸೆನ್ಸ್ ತಂದಾಗ, ಮೂಗು ಮುರಿದಿದ್ದವರು ಇದೇ ಭಾಬಿ.

ಒಂದೇ ಷರತ್ತು ಹಾಕಿದೆ: ನನಗೂ ಓಡಿಸಲು ಕೊಡಬೇಕು.

"ಊರೋರ ಕಣ್ಣೆದುರಿಗೆ ಬೇಡಮ್ಮ. ಆಂಧ್ರ ಬಾರ್ಡರ್ ದಾಟ್ಲಿ, ಕೊಡ್ತೀನಿ," ಅಂದರು.

7-12-94, ಬುಧವಾರ

ಗೂಡಿನ ಮಾರುಕಟ್ಟೆಗೆ ಜೊತೆಯಲ್ಲಿ ಹೋದೆ. ದಿಬ್ಬೂರಹಳ್ಳಿ ಕಡೆಯ ರೈತರ ಗೂಡು ಚೆನ್ನಾಗಿತ್ತು. ಎಲ್ಲರೂ ಗೂಡನ್ನು ಬೆಳಕಿಗೆ ಹಿಡಿದು ಕಲೆ ಇದೆಯೇ ನೋಡುತ್ತಾರೆ. ಭಾಯಿ ಮಾತ್ರ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಾರೆ. "ಸಾಬ್ರಿಗೆ ಗೂಡು ಗುಟ್ಟು ಹೇಳ್ತದೆ," ಎಂದು ಒಬ್ಬ ಚುಡಾಯಿಸಿದ.

ಒಂದು ಬುಟ್ಟಿ ಗೂಡು ಕಾರಿಗೆ. ಹಬೆ ಕೊಟ್ಟು ಒಳಗಿನ ಹುಳ ಸಾಯಿಸೋಣ ಅಂದೆ. ಇಲ್ಲದಿದ್ದರೆ ಹುಳ ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹೊರಗೆ ಬರುತ್ತದೆ, ತೂತಾದ ಗೂಡು ನೂಲಿಗೆ ಬಾರದು. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು.

"ಹಸಿ ಗೂಡಿನ ನೂಲೇ ನಯ. ಅದನ್ನೇ ತೋರಿಸ್ಬೇಕು. ಚಿಟ್ಟೆ ಏಳೋದ್ರೊಳಗೆ ಬನಾರಸಲ್ಲಿರ್ತೀವಿ," ಅಂದರು. ಅವರು ಹೇಳಿದ ಮೇಲೆ ಮುಗಿಯಿತು.

ಮಲಗುವ ಮುಂಚೆ ಭಾಬಿ ನನ್ನ ಕೈ ಹಿಡಿದರು. "ದಾರೀಲಿ ಸುಮ್ನೆ ಕೂರ್ಬೇಡ ಕಣೇ. ಮಾತಾಡ್ತಾ ಇರು. ಬೋರ್ಡ್ ಕಂಡ್ರೆ ಓದು. ಲಾರಿ ಕಂಡ್ರೆ ಹೇಳು." ನಮ್ಮ ಭಾಬಿ ಹಮೀದಾ ಬೇಗಂ, ‘ಬಾಯಿ ಮುಚ್ಚು’ ಅನ್ನುವುದನ್ನೇ ನನಗೆ ಜೀವನವಿಡೀ ಹೇಳಿಕೊಂಡು ಬಂದವರು!

8-12-94, ಅನಂತಪುರ, ಲಾಡ್ಜ್

ಬಾಗೇಪಲ್ಲಿ ದಾಟಿದ ಕೂಡಲೇ ಕೈ ಚಾಚಿದೆ. "ಅನಂತಪುರ ದಾಟ್ಲಿ," ಅಂದರು.

ಗಾಳಿ. ಇಷ್ಟು ಗಾಳಿ ನನ್ನ ಮುಖ ಕಂಡಿರಲಿಲ್ಲ. ಕಡಲೆಕಾಯಿ ಕಿತ್ತ ಹೊಲಗಳು, ಕಲ್ಲುಬಂಡೆ, ಮತ್ತೆ ಕಲ್ಲುಬಂಡೆ. ಲಾರಿಗಳು ಪಕ್ಕದಲ್ಲಿ ಬಂದರೆ ನಮ್ಮ ತಲೆ ಅವುಗಳ ಚಕ್ರದ ಮಟ್ಟಕ್ಕಿರುತ್ತದೆ. ಹೆದರಿಕೆ ಮತ್ತು ಖುಷಿ ಎರಡೂ ಒಂದೇ ಕಡೆ ಹುಟ್ಟುತ್ತವೇನೋ.

ನಾಲ್ಕು ಗಂಟೆಗೇ ನಿಲ್ಲಿಸಿಬಿಟ್ಟರು. ಬಿಸಿಲಿತ್ತು. ಇನ್ನೂ ಗುತ್ತಿವರೆಗೆ ಹೋಗಬಹುದಿತ್ತು. "ಎಂಜಿನ್ನಿಗೆ ರೆಸ್ಟ್ ಬೇಕು," ಅಂದರು.

10-12-94, ಕರ್ನೂಲು ದಾಟಿ ಎಲ್ಲೋ

ಇಲ್ಲೂ ಚುನಾವಣೆ ಮುಗಿದಿದೆ. ಗೆದ್ದವರ ಮೆರವಣಿಗೆ ನಮ್ಮ ಕಾರನ್ನು ಅಡ್ಡ ಹಾಕಿತು. ಟಾಪ್ ಇಲ್ಲದ ಕಾರು—ಅವರಿಗೆ ಅಲ್ಲಾನೇ ಕಳಿಸಿದ ಹಾಗೆ ಕಂಡಿರಬೇಕು. ಗೆದ್ದ ಧಣಿಯನ್ನು ಹಿಂದಿನ ಅಂಚಿನ ಮೇಲೆ ಕೂರಿಸಿ, ನನ್ನ ಕೊರಳಿಗೂ ಒಂದು ಹಾರ ಹಾಕಿ, ಊರ ತುಂಬ ಓಡಿಸಿದರು. "ಎವರಮ್ಮಾ ನುವ್ವು?" ನೀನು ಯಾರಮ್ಮ ಎಂದೊಬ್ಬ ಮುದುಕಿ ಕೇಳಿದಳು. "ಟೀಚರ್‌ನಿ," ಅಂದೆ. "ಅಯಿತೇ ಮಂತ್ರಿವಿ ಅಯ್ಯೇದಾಕಾ ಚದುವು," ಅಂದಳು. ಮಂತ್ರಿಯಾಗುವವರೆಗೂ ಓದಬೇಕಂತೆ. ನಗು ನಿಲ್ಲುತ್ತಿಲ್ಲ.

ಸ್ಟೀರಿಂಗ್ ಕೇಳಿದೆ. "ಹೈದರಾಬಾದ್ ದಾಟ್ಲಿ."

ನಾಲ್ಕಕ್ಕೆ ನಿಲುಗಡೆ.

12-12-94, ನಿರ್ಮಲ್

ಹೈದರಾಬಾದಿನಲ್ಲಿ ಸೈಲೆನ್ಸರ್ ಬೆಸುಗೆಗೆ ಅರ್ಧ ದಿನ ಹೋಯಿತು. ದಾರಿ ತುಂಬ ತೇಗದ ಕಾಡು. ಬೋರ್ಡು ಓದಿದ್ದೇ ಓದಿದ್ದು. ಗೋದಾವರಿ ಬಂದಾಗ ಕಾರು ನಿಲ್ಲಿಸಲು ಹೇಳಿ ಸೇತುವೆಯ ಮೇಲೆ ನಿಂತೆ. ಎಷ್ಟು ಮಕ್ಕಳಿಗೆ ಈ ನದಿಯನ್ನು ಬಾಯಿಪಾಠ ಮಾಡಿಸಿದ್ದೇನೆ, ಇದು ಇಷ್ಟು ಅಗಲ ಎಂದು ಯಾಕೆ ಹೇಳಲಿಲ್ಲ? ನನಗೇ ಗೊತ್ತಿರಲಿಲ್ಲ.

ಭಾಯಿ ಕಾರಿನಿಂದ ಇಳಿಯಲಿಲ್ಲ. "ನೀನೇ ನೋಡ್ಕೊಂಡು ಬಂದು ಹೇಳಮ್ಮ," ಅಂದರು.

ಬುಟ್ಟಿಯ ಗೂಡುಗಳನ್ನು ಕಿವಿಗೆ ಹಿಡಿದು ನೋಡಿದರು. ನನಗೆ ಚಿಂತೆ. ಸಂಜೆ ನಾಲ್ಕಕ್ಕೆ ನಿಲ್ಲುತ್ತಾ ಹೋದರೆ ಚಿಟ್ಟೆಗಳು ನಮಗಿಂತ ಮುಂಚೆ ಹೊರಡುತ್ತವೆ.

"ಸಂಜೆ ನಾನು ಓಡಿಸ್ತೀನಿ ಭಾಯಿ, ಬೇಗ ತಲುಪ್ತೀವಿ."

"ನಾಗಪುರ ದಾಟ್ಲಿ."

15-12-94, ಗುರುವಾರ, ಸಿವನಿ

ನಿನ್ನೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ನಿನ್ನೆ ನಾಗಪುರ ದಾಟಿದೆವು. ಕೇಳಿದೆ. "ಜಬಲ್‌ಪುರ ದಾಟ್ಲಿ," ಅಂದರು. ಸಿಟ್ಟು ನೆತ್ತಿಗೇರಿತು. ನಾನೇನು ಎರಡನೇ ಕ್ಲಾಸಿನ ಹುಡುಗಿಯೇ, ಪೆಪ್ಪರ್‌ಮೆಂಟು ತೋರಿಸಿ ನಡೆಸಿಕೊಂಡು ಹೋಗಲು? ಬಾಯಿಗೆ ಬೀಗ ಹಾಕಿದೆ. ಬೋರ್ಡು ಬಂತು, ಓದಲಿಲ್ಲ. ಹಳ್ಳಿ ಬಂತು, ಹೇಳಲಿಲ್ಲ. ಶಾಲಿನಲ್ಲಿ ಮುಖ ಮುಚ್ಚಿ ಕೂತೆ.

ಭಾಯಿ ಎರಡು ಸಲ ಅಂದರು, "ಏನಾದ್ರೂ ಮಾತಾಡಮ್ಮ." ನಾನು ಮಾತಾಡಲಿಲ್ಲ.

ಕಾಡಿನ ನಡುವೆ ಸೇತುವೆಯ ಕೆಲಸ ನಡೆದಿತ್ತು. ರಸ್ತೆಗಡ್ಡ ಟಾರು ಡ್ರಮ್ಮುಗಳು. ಸುಣ್ಣ ಬಳಿದ ಕಲ್ಲುಗಳು. ಪಕ್ಕಕ್ಕೆ ತಿರುಗಿ ಎಂಬ ಹಿಂದಿ ಬೋರ್ಡು. ಶಾಲು ಸರಿಸಿ ನೋಡುತ್ತೇನೆ—ಕಾರು ನೇರ ಹೋಗುತ್ತಿದೆ. ನೇರ! ಕೂಲಿಗಳು ಕಿರುಚಿ ಓಡಿದರು. ನಾನೂ ಕಿರುಚಿದೆ. ಬ್ರೇಕು. ಒಂದು ಡ್ರಮ್ಮು ಉರುಳಿ ಹಳ್ಳಕ್ಕೆ ಬಿತ್ತು, ಕಾರಿನ ಮೂತಿ ಜಲ್ಲಿರಾಶಿಯಲ್ಲಿ ಹೂತು ನಿಂತಿತು. ಮುಂದೆ ಸೇತುವೆ ಇರಲಿಲ್ಲ.

"ಯಾಕೆ ಓದ್ಲಿಲ್ಲ ನೀನು?" ಭಾಯಿಯ ದನಿ ಒಡೆದಿತ್ತು.

"ಡ್ರಮ್ ನೋಡೋಕೆ ಓದು ಬರಬೇಕಾ ಭಾಯಿ?"

ಕೂಲಿಗಳು ಕಾರನ್ನು ಹಿಂದಕ್ಕೆ ಎಳೆದುಕೊಟ್ಟರು. ಆಮೇಲೆ ನಾನು ಒಂದು ಮೈಲಿಗಲ್ಲನ್ನೂ ಬಿಡದೆ ಓದಿದೆ.

ಇವತ್ತು ಬೆಳಿಗ್ಗೆ. ಲಾಡ್ಜಿನ ಅಂಗಳದಲ್ಲಿ ಕಾರಿನ ಕ್ಯಾನ್ವಾಸ್ ಸರಿಸಿದರೆ—ಚಿಟ್ಟೆಗಳು. ಸೀಟಿನ ಮೇಲೆ, ಸ್ಟೀರಿಂಗ್ ಮೇಲೆ, ಬೆಳ್ಳಗೆ, ಹಾರಲಾರದೆ ರೆಕ್ಕೆ ಬಡಿಯುತ್ತಾ. ಮುಂದಿನ ಗಾಜಿನ ಒಳಮೈಗೆ ಹತ್ತಾರು ಅಂಟಿಕೊಂಡಿದ್ದವು. ಭಾಯಿ ಬಂದು ಸ್ಟೀರಿಂಗ್ ಹಿಂದೆ ಕೂತರು. ಮೂಗಿಗೂ ಗಾಜಿಗೂ ಒಂದು ಮೊಳ ದೂರ. ತೋಳಿನಿಂದ ಗಾಜು ಒರೆಸಲು ಹೋಗಿ ಅಂದರು, "ಏನು ಮಂಜು ನೋಡಮ್ಮ ಇಲ್ಲಿ."

ಮಂಜಿರಲಿಲ್ಲ. ಬಿಸಿಲಿತ್ತು.

ನಾನು ಬುಟ್ಟಿಯಿಂದ ಎರಡು ಗೂಡು ತೆಗೆದು ಅವರ ಅಂಗೈಲಿಟ್ಟೆ. ಒಂದಕ್ಕೆ ದೊಡ್ಡ ಕಂದು ಕಲೆ, ಒಂದು ಶುಭ್ರ. "ಯಾವುದ್ರಲ್ಲಿ ಕಲೆ ಇದೆ ಹೇಳಿ."

ಕಿವಿಯ ಹತ್ತಿರ ಒಯ್ದರು. ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಆಮೇಲೆ ಕೈ ಕೆಳಗಿಟ್ಟರು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತೇನೋ. ಬರ್ತಾ ಬರ್ತಾ ಜಾಸ್ತಿ ಆಯ್ತು. ಸಂಜೆ ಬಿಸಿಲಂತೂ ಕಣ್ಣಿಗೆ ಹಾಲು ಸುರಿದಂಗೆ. ಪೊರೆ ಅಂತಾರಲ್ಲ, ಅದೇ ಇರ್ಬೇಕು."

"ಡಾಕ್ಟ್ರ ಹತ್ರ..."

"ರೀಲರ್‌ಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಮಾರ್ಕೆಟ್ಟಲ್ಲಿ ಯಾವನು ಒಳ್ಳೆ ಗೂಡು ಕೊಡ್ತಾನಮ್ಮ? ಉಸ್ಮಾನ್ ಸಾಬ್ ಕುರುಡ ಅಂತ ನಗ್ತಾರೆ."

ಅಳು ಬಂತು. ಸಿಟ್ಟೂ ಬಂತು. ನಾಲ್ಕು ಗಂಟೆಯ ನಿಲುಗಡೆ, ಗೋದಾವರಿ, ನಡುರಸ್ತೆ, ಭಾಬಿಯ ಕೈ—ಎಲ್ಲ ಒಟ್ಟಿಗೆ ಅರ್ಥವಾಯಿತು. ಭಾಬಿ ನನ್ನನ್ನು ಊರು ನೋಡಲು ಕಳಿಸಲಿಲ್ಲ. ಭಾಯಿಗೆ ಕಣ್ಣು ಮಾಡಿ ಕಳಿಸಿದರು. ಇಷ್ಟೂ ದಾರಿ ನಾನು ಓದಿದ ಬೋರ್ಡುಗಳ ಮೇಲೆಯೇ ಈ ಮನುಷ್ಯ ಕಾರು ಓಡಿಸಿಕೊಂಡು ಬಂದಿದ್ದಾರೆ.

ಕೈ ಚಾಚಿದೆ. ಈ ಸಲ ಕೇಳಲಿಲ್ಲ. ಕೀ ಕೊಟ್ಟರು.

"ಒಂದು ಮಾತು ಕೊಡು," ಅಂದರು. "ವಾಪಸ್ ಹೋಗುವಾಗ ಚಿಕ್ಕಬಳ್ಳಾಪುರದಿಂದ ನಾನೇ ಓಡಿಸ್ಬೇಕು. ಊರೊಳಕ್ಕೆ ನಾನೇ ಹೋಗ್ಬೇಕು. ಯಾರಿಗೂ ಹೇಳ್ಕೂಡ್ದು."

ಅವರ ಮುಖ ನೋಡಿ ಹ್ಞೂಂ ಅಂದುಬಿಟ್ಟೆ.

16-12-94, ಜಬಲ್‌ಪುರ

ಓಡಿಸಿದೆ!

ಕ್ಲಚ್ ಆವಲಪ್ಪನ ಅಂಬಾಸಡರಿಗಿಂತ ಗಟ್ಟಿ. ಗೇರು ಚಿಕ್ಕದು, ಎಳೆದರೆ ಟಕ್ಕೆಂದು ಕೂರುತ್ತದೆ. ಖಾಲಿ ರಸ್ತೆಯಲ್ಲಿ ಕಾಲು ಒತ್ತಿದೆ. ಕಾರು ಮುಂದಕ್ಕೆ ನೆಗೆಯಿತು. ನಲವತ್ತೇಳು ವರ್ಷದ ಹೆಂಗಸು, ಚಿಕ್ಕ ಹುಡುಗಿಯ ಹಾಗೆ ಕೂಗಿದೆ. ಭಾಯಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ಗೇರ್ ಚೇಂಜ್ ಮಾಡಮ್ಮ, ಅಳ್ತಾ ಇದೆ ಎಂಜಿನ್ನು!" ಕಿವಿ ಮಾತ್ರ ಚುರುಕು.

ಈಗಲೂ ಬೋರ್ಡು ಓದುತ್ತೇನೆ. ಸುಮ್ಮನೆ ಅಲ್ಲ, ಅವರು ನೋಡಲಿ ಎಂದು. "ಎಡಗಡೆ ಏನಿದೆ?" ಎಂದು ಕೇಳುತ್ತಾರೆ. ಸಾಸಿವೆ ಹೊಲ. "ಹಳದೀನಾ?" ಹಳದಿ. "ಎಷ್ಟು?" ಆಕಾಶದವರೆಗೂ.

18-12-94, ಭಾನುವಾರ, ಬನಾರಸ್

ಹಾಜಿ ಸಾಹೇಬರ ಮನೆಯ ಕೆಳಗೆ ಮಗ್ಗಗಳ ಕೋಣೆ. ನೆಲದಲ್ಲಿ ಗುಂಡಿ, ಅದರೊಳಗೆ ಕಾಲಿಳಿಬಿಟ್ಟು ಕೂತ ನೇಕಾರರು. ಮಗ್ಗದ ಮೇಲೆ ನವಿಲು ಬಣ್ಣದ ಸೀರೆ. ಅದರ ಹಾಸಿನಲ್ಲಿ, ಉದ್ದಕ್ಕೆ ಬಿಗಿದ ಎಳೆಗಳಲ್ಲಿ, ನಮ್ಮ ನೂಲು! ಶಿಡ್ಲಘಟ್ಟದಲ್ಲಿ ಬೆಂದ ಗೂಡಿನ ವಾಸನೆ ಮೂಸಿಕೊಂಡು ಬೆಳೆದವಳು, ಅದು ಇಷ್ಟು ಚೆಂದ ಆಗುತ್ತದೆ ಎಂದು ಇವತ್ತು ನೋಡಿದೆ. ಮುಟ್ಟಲು ಹೆದರಿದೆ.

ತೋರಿಸಲು ಗೂಡಿರಲಿಲ್ಲ. ತೂತಾದ ಗೂಡುಗಳ ಬುಟ್ಟಿ ಕಾರಿನಲ್ಲೇ ಉಳಿಯಿತು. ಮುದುಕ ನೇಕಾರನೊಬ್ಬ ನಮ್ಮ ನೂಲಿನ ಎಳೆ ಹಿಡಿದು ಭಾಯಿಯ ಬೆರಳ ನಡುವೆ ಇಟ್ಟ. ಭಾಯಿ ಕಣ್ಣು ಮುಚ್ಚಿ ಎಳೆಯನ್ನು ನಿಧಾನ ಎಳೆದರು. ಒಂದು ಕಡೆ ಬೆರಳು ತಡೆಯಿತು. ಮತ್ತೊಂದು ಕಡೆ. ಎಳೆ ಕಿತ್ತುಹೋಯಿತು.

"ಸರಿಯಾಗೇ ಹೇಳಿದ್ರಿ," ಅಂದರು. "ಕಲೆ ಗೂಡು ಸೇರಿದೆ. ಆರಿಸುವಾಗ ತಪ್ಪಾಗಿದೆ. ನನ್ನದೇ ತಪ್ಪು." ಕಣ್ಣಿನ ಮಾತು ಎತ್ತಲಿಲ್ಲ.

ಹಾಜಿ ಸಾಹೇಬರು ಚಹಾ ತರಿಸಿದರು. ಈದ್ ಕಳೆದ ಮೇಲೆ ಒಂದು ಕಟ್ಟು ಕಳಿಸಿ, ನೋಡೋಣ ಅಂದರು. ಅಷ್ಟೇ. ಭಾಯಿ ಅಷ್ಟಕ್ಕೇ ಕೈ ಮುಗಿದರು.

ಹೆದ್ದಾರಿ ಏಳು ಎಲ್ಲಿ ಶುರು ಎಂದು ಹುಡುಕಿಕೊಂಡು ಹೋದೆ. ಒಂದು ಪಾನ್ ಅಂಗಡಿ, ಒಂದು ಎಮ್ಮೆ. "ಇಲ್ಲಿಂದ್ಲೇ ನಮ್ಮೂರಿಗೆ ರಸ್ತೆ," ಎಂದು ಪಾನ್‌ವಾಲಾನಿಗೆ ಹೇಳಿದೆ. ಎಲ್ಲ ರಸ್ತೆಯೂ ಯಾರದೋ ಊರಿಗೇ ಹೋಗುವುದು ಎಂಬಂತೆ ನೋಡಿದ.

24-12-94, ಅನಂತಪುರ, ಅದೇ ಲಾಡ್ಜ್

ಇಡೀ ದಾರಿ ನಾನೇ. ನಾಳೆ ಊರು.

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಎಂಥ ರಸ್ತೆ ಅಂತ ನನಗೆ ಗೊತ್ತು. ಗೂಡಿನ ಮಂಕರಿ ಹೊತ್ತವರು, ಸೈಕಲ್ಲು, ಎತ್ತಿನ ಗಾಡಿ, ನನ್ನದೇ ಶಾಲೆಯ ಮಕ್ಕಳು. ಕಾಡಿನ ಡ್ರಮ್ಮು ಉರುಳಿದರೆ ಹಳ್ಳಕ್ಕೆ ಬೀಳುತ್ತದೆ. ಇಲ್ಲಿ?

ಮಾತು ಕೊಟ್ಟದ್ದು ತಪ್ಪು. ಮುರಿದರೆ ಅವರು ನನ್ನನ್ನು ಕ್ಷಮಿಸುವುದಿಲ್ಲ. ಮುರಿಯದಿದ್ದರೆ ನಾನು ನನ್ನನ್ನು...

25-12-94, ಭಾನುವಾರ, ಚಿಕ್ಕಬಳ್ಳಾಪುರ, ಕೋನಪ್ಪನ ಹೋಟೆಲು, ಮೂರೂವರೆ

ಶಿಡ್ಲಘಟ್ಟದ ಕಡೆ ತಿರುಗುವ ಮೂಲೆ. ಕಾರು ಹೊರಗೆ. ಸುತ್ತ ಜನ.

ಕೂತ ಕೂಡಲೇ ಭಾಯಿ ಕೈ ಚಾಚಿದರು. "ಕೀ." ಕೊಟ್ಟೆ. ಬೇಡ ಅನ್ನಬೇಕೆಂದುಕೊಂಡೆ, ಅನ್ನದೆ ಡೈರಿ ತೆಗೆದೆ. ಈಗ ಟೀ ಕುಡಿಯುತ್ತಿದ್ದಾರೆ. ನನ್ನ ಟೀ ಆರಿಹೋಗಿದೆ. ಗ್ಲಾಸು ಖಾಲಿಯಾಗುವುದರೊಳಗೆ ಹೇಳಬೇಕು. ಧೈರ್ಯ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಭಾಯಿ, ಸ್ಟೀರಿಂಗ್ ಕೊಡಲ್ಲ. ಭಾಯಿ, ನೀವು ಓಡಿಸಕೂಡದು. ಭಾಯಿ...

ಕೋನಪ್ಪ ಗಲ್ಲಾದಿಂದ ಕೂಗಿದ, "ಏನ್ ಸಾಬ್ರೆ, ಮೇಡಮ್ಮೋರು ಓಡಿಸ್ಕೊಂಡ್ ಬಂದಂಗಾಯ್ತು? ಯಜಮಾನ್ರು ನೀವು ಪಕ್ಕದಾಗೆ ಕುಂತಿದ್ರಿ?" ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರಲ್ಲಿ ಇಬ್ಬರು ನಮ್ಮ ಗೂಡಿನ ಮಾರುಕಟ್ಟೆಯವರು.

ಭಾಯಿ ಗ್ಲಾಸು ಕೆಳಗಿಟ್ಟರು.

"ಹೌದು ಕಣಪ್ಪ. ಬನಾರಸಿಂದ ನನ್ನ ತಂಗೀನೇ ಓಡಿಸ್ಕೊಂಡ್ ಬಂದಿದ್ದು. ನಂಗೆ ಕಣ್ಣು ಕಾಣಲ್ಲ. ಪೊರೆ ಬಂದಿದೆ. ತೆಗೆಸ್ಬೇಕು."

ನಗು ನಿಂತಿತು. ಮಾರುಕಟ್ಟೆಯ ಇಬ್ಬರಲ್ಲಿ ಒಬ್ಬ ಎದ್ದು ಬಂದು ಭಾಯಿಯ ಪಕ್ಕ ಕೂತ. "ನಮ್ಮಪ್ಪಂಗೂ ತೆಗೆಸಿದ್ವಿ ಸಾಬ್ರೆ. ಈಗ ಸೂಜಿಗೆ ದಾರ ಪೋಣಿಸ್ತಾನೆ," ಅಂದ.

ಭಾಯಿ ಎದ್ದರು. ಹೊರಗೆ ಹೋಗಿದ್ದಾರೆ. ಇಲ್ಲಿಂದ ಕಾಣುತ್ತಿದ್ದಾರೆ. ಎದುರು ಬಿಸಿಲು. ಬಾನೆಟ್ಟಿನ ಮೇಲೆ ಅಂಗೈ ಸವರುತ್ತಾ ಆ ಕಡೆಗೆ ಸುತ್ತಿ ಹೋದರು. ಎಡಗಡೆಯ ಬಾಗಿಲು ತೆರೆದರು. ಬೋರ್ಡ್ ಓದುವ ನನ್ನ ಹಳೆ ಸೀಟಿನಲ್ಲಿ ಕೂತು, ನನ್ನ ಶಾಲು ಮಡಿಲಿಗೆಳೆದುಕೊಂಡರು.

ನಾನು ಆಗಲೇ ಬಂದು ಕೂತಿದ್ದೇನೆ ಅಂದುಕೊಂಡಿದ್ದಾರೆ. ಖಾಲಿ ಸೀಟಿನ ಕಡೆಗೆ ಕೀ ಚಾಚಿ ಹಿಡಿದು ಏನೋ ಹೇಳುತ್ತಿದ್ದಾರೆ, ನಗುತ್ತಾ. ಕೈ ಹಾಗೇ ಇದೆ.

ಬಂದೆ ಭಾಯಿ, ಬಂ